ಕೊಲ್ಲದೆ ಗೆಲ್ಲುವ ಕುರಿಗಳು

ಯುದ್ಧಗಳ ಇತಿಹಾಸವನ್ನು ಬರೆಸಿದವರು ಅರಸರು. ಯುದ್ಧದಾಟಗಳ ಇತಿಹಾಸವೂ ಹೆಚ್ಚುಕಡಿಮೆ ಅವರದೇ. ಕಾಸಿನ ಖರ್ಚಿಲ್ಲದೆ ಬಡವರು ಆಡಿಕೊಂಡು ಬಂದ ಆಟಗಳಿಗೆ ಅದರಲ್ಲಿ ಸಿಕ್ಕಿರುವ ಜಾಗ ಅಲ್ಪ. ಮಂಚೇನಹಳ್ಳಿಯ ಆಸುಪಾಸಿನಲ್ಲಿ ಬೆಳೆದ ನಮಗೆ ಅಂಥದೊಂದು ಆಟ ಗೊತ್ತು. ಕನ್ನಡದಲ್ಲಿ ಅದು ಹುಲಿ-ಕುರಿ, ನೆರೆಮನೆಯ ತೆಲುಗಿನಲ್ಲಿ ಪುಲಿ-ಮೇಕ, ನಮ್ಮ ಮನೆಯ ಉರ್ದುವಿನಲ್ಲಿ ಶೇರ್-ಬಕ್ರಿ. ಹೆಸರು ಮೂರಾದರೂ ಎಳೆಯುವ ಗೆರೆಗಳು ಒಂದೇ.

ಆಟಕ್ಕೆ ಬೇಕಾದದ್ದು ಒಂದು ಚೂರು ಇದ್ದಿಲು, ಹದಿನೈದು ಹುಣಸೆ ಬೀಜ, ಮೂರು ಕಲ್ಲು. ತುದಿಯಿಂದ ಇಳಿಯುವ ಗೆರೆಗಳಿಗೆ ಅಡ್ಡಗೆರೆಗಳನ್ನು ಎಳೆದರೆ ರಣರಂಗ ಸಿದ್ಧ. ಗೆರೆಗಳು ಸೇರುವ 23 ಮನೆಗಳಲ್ಲಿ 3 ಹುಲಿಗಳಿಗೂ 15 ಕುರಿಗಳಿಗೂ ಹೋರಾಟ. ಕುರಿಗಳನ್ನು ಒಂದೊಂದಾಗಿ ಇಡಬೇಕು. ಹದಿನೈದೂ ಇಳಿಯುವ ತನಕ ಇಟ್ಟ ಕುರಿ ಕದಲುವಂತಿಲ್ಲ. ಹುಲಿಗೆ ಆ ಕಟ್ಟುಪಾಡಿಲ್ಲ. ಪಕ್ಕದ ಕುರಿಯ ಹಿಂದಿನ ಮನೆ ಖಾಲಿಯಿದ್ದರೆ ಹಾರಿ ಅದನ್ನು ತಿಂದುಬಿಡುತ್ತದೆ. ಕುರಿಗೆ ಹಾರಲೂ ಬಾರದು, ಕೊಲ್ಲಲೂ ಬಾರದು. ಮೂರೂ ಹುಲಿಗಳು ಅಲುಗಾಡದಂತೆ ಸುತ್ತುವರಿದರೆ ಗೆಲುವು ಅವುಗಳದು. ಊರಿಂದೂರಿಗೆ ಲೆಕ್ಕ ಬದಲಾಗುತ್ತದೆ. ನೇಪಾಳದ ಬಾಘ್ ಚಾಲ್ ಎಂಬ ಆಟದಲ್ಲಿ ಹುಲಿಗಳು 4, ಮೇಕೆಗಳು 20.

ಅರಸರ ಆಟವಾದ ಚದುರಂಗದ ಕಥೆಯೇ ಬೇರೆ. ರಥ, ಆನೆ, ಕುದುರೆ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳಿಂದ ಅದಕ್ಕೆ ಆ ಹೆಸರು. ಭಾರತದಿಂದ ಇರಾನಿಗೆ ಹೋಗಿ, ಅರಬರ ಬಾಯಲ್ಲಿ ಶತ್ರಂಜ್ ಆಯಿತು. ಒಂಬತ್ತನೇ ಶತಮಾನದಲ್ಲಿ ಅಲ್-ಅದ್ಲಿ, ಹತ್ತನೇ ಶತಮಾನದಲ್ಲಿ ಅಸ್-ಸೂಲಿ ಅದರ ಮೇಲೆ ಗ್ರಂಥಗಳನ್ನೇ ಬರೆದರು. ಅರಬರ 'ಫೀಲ್', ಅಂದರೆ ಆನೆ, ಸ್ಪೇನಿನಲ್ಲಿ ಇಂದಿಗೂ 'ಅಲ್ಫಿಲ್' ಎಂಬ ಕಾಯಿಯಾಗಿ ಉಳಿದಿದೆ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರೂ (1794-1868) ಆಟಗಳ ದೊಡ್ಡ ಪಂಡಿತರು. ಅವರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಎಂಬ ಭಾಗ ಆಟಗಳಿಗೇ ಮೀಸಲು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಅರಸನಿಗೆ ಚದುರಂಗದ ಹಾಸಿನ ಮೇಲಾದರೂ ರಾಜ್ಯ ಉಳಿದಿತ್ತು.

ಯುರೋಪಿನಲ್ಲಿ ಇದೇ ಚದುರಂಗದ ಬೇರಿನಿಂದ ಸೈನಿಕ ತರಬೇತಿಯ ಆಟ ಚಿಗುರಿತು. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್, ನಕ್ಷೆಯ ಮೇಲೆ ಪುಟ್ಟ ಕಾಯಿಗಳನ್ನು ನಡೆಸುವ 'ಕ್ರೀಗ್ಸ್‌ಷ್ಪೀಲ್' ಎಂಬ ಆಟದ ನಿಯಮಗಳನ್ನು ಪ್ರಕಟಿಸಿದ. 1870-71ರಲ್ಲಿ ಪ್ರಷ್ಯಾ ಫ್ರಾನ್ಸನ್ನು ಸೋಲಿಸಿದ ಮೇಲೆ ಬೇರೆ ದೇಶಗಳ ಸೈನ್ಯಗಳೂ ಅದನ್ನು ಕಲಿಯಲು ಮುಗಿಬಿದ್ದವು. 1913ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್ ಆಟಿಕೆ ಸೈನಿಕರಿಂದ ಆಡುವ ಆಟದ ಪುಸ್ತಕ ಬರೆದ. ನಿಜವಾದ ಯುದ್ಧಕ್ಕಿಂತ ಇಂಥ ಪುಟ್ಟ ಯುದ್ಧವೇ ಮೇಲು ಎಂಬುದು ಅವನ ವಾದ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು.

ಇವೆಲ್ಲ ಕೊಲ್ಲಬಲ್ಲವರ ನಡುವಿನ ಆಟಗಳು. ಚದುರಂಗದಲ್ಲಂತೂ ಎರಡೂ ಕಡೆ ಹದಿನಾರು ಕಾಯಿಗಳು, ಎರಡೂ ಕಡೆ ಒಂದೇ ಬಲ. ಆದರೆ ಬಡವನ ಬದುಕಿನಲ್ಲಿ ಅಂಥ ಸರಿಸಮ ಯುದ್ಧ ಎಂದಾದರೂ ನಡೆದಿದೆಯೇ? ನಮ್ಮ ಜಿಲ್ಲೆಯ ನಂದಿದುರ್ಗಕ್ಕೇ 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಫಿರಂಗಿಗಳನ್ನು ತಂದು, ಟಿಪ್ಪುವಿನ ಕೋಟೆಯನ್ನು ಅಕ್ಟೋಬರಿನಲ್ಲಿ ಕಸಿದುಕೊಂಡಿತು. ಸುತ್ತಲಿನ ಹಳ್ಳಿಯ ರೈತನಿಗೆ ಗೆದ್ದವರು ಯಾರಾದರೇನು, ಅವನ ಪಾಲಿಗೆ ಎರಡೂ ಹುಲಿಗಳೇ. ಶೇರ್-ಬಕ್ರಿ ಅವನ ಆಟ. ಅಲ್ಲಿ ಬಲ ಸಮನಾಗಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು ಕೂರಬೇಕು.

ನಮ್ಮ ದಾದಾ ಮತ್ತು ನೆರೆಮನೆಯ ತಾತ ಸಂಜೆ ಜಗಲಿಯ ಮೇಲೆ ಈ ಆಟಕ್ಕೆ ಕೂರುತ್ತಿದ್ದರು. ಪಣ ಕಟ್ಟುವಂತಿರಲಿಲ್ಲ, ಅಝಾನ್ ಕೇಳಿದರೆ ಆಟ ಅಲ್ಲಿಗೇ ನಿಲ್ಲುತ್ತಿತ್ತು. ದಾದಾ ಮಸೀದಿಯಿಂದ ಬರುವ ತನಕ ತಾತ ಒಂದು ಕಾಯಿಯನ್ನೂ ಮುಟ್ಟದೆ ಕಾದಿರುತ್ತಿದ್ದರು. ಆಗ ಹುಡುಗರಾಗಿದ್ದ ನಾವು ಹಟ ಹಿಡಿದು ಕುರಿಗಳನ್ನು ಆಡಿ ಸೋಲುತ್ತಿದ್ದೆವು. ಒಮ್ಮೆ ದಾದಾ ಹೇಳಿದರು: "ಬೇಟಾ, ಹುಲಿಯನ್ನೇ ನೋಡುತ್ತಾ ಕೂತೆ. ನಿನ್ನ ಕುರಿಯ ಬೆನ್ನ ಹಿಂದೆ ಯಾರಿದ್ದಾರೆ ಅಂತ ನೋಡಲಿಲ್ಲ." ತಾತ ನಕ್ಕು, "ಒಂದರ ಬೆನ್ನಿಗೆ ಇನ್ನೊಂದು ನಿಂತರೆ ಹುಲಿ ಎಲ್ಲಿಗೆ ಹಾರುತ್ತಪ್ಪಾ?" ಎಂದರು.

ಆಟದ ಗುಟ್ಟೆಲ್ಲ ಆ ಎರಡು ಮಾತಿನಲ್ಲಿದೆ. ಕುರಿ ಸಾಯುವುದು ಅದು ದುರ್ಬಲ ಎಂಬುದಕ್ಕಲ್ಲ, ಹಿಂದಿನ ಮನೆ ಖಾಲಿ ಎಂಬುದಕ್ಕೆ. ಇನ್ನು ಗೆದ್ದ ಕುರಿಗಳಾದರೂ ಒಂದು ಹುಲಿಯನ್ನೂ ಕೊಂದಿರುವುದಿಲ್ಲ. ಶತ್ರುವಿನ ಒಂದು ಜೀವವನ್ನೂ ತೆಗೆಯದೆ ಯುದ್ಧ ಗೆಲ್ಲುವುದನ್ನು ನಮಗೆ ಕಲಿಸಿದ್ದು ಈ ಇದ್ದಿಲಿನ ಗೆರೆಗಳು.

ಹಂಪಿಯ ಕಲ್ಲುಹಾಸುಗಳ ಮೇಲೆ ಹಳೆಯ ಆಟಗಳ ಗೆರೆಗಳನ್ನು ಇಂದಿಗೂ ಕಾಣಬಹುದು. ನಮ್ಮ ಜಗಲಿಯ ಗೆರೆಗಳ ಮೇಲೆ ಟೈಲ್ಸ್ ಕೂತು ವರ್ಷಗಳಾದವು. ಗೆರೆ ಅಳಿದದ್ದು ದೊಡ್ಡ ನಷ್ಟವೇನಲ್ಲ, ಇನ್ನೊಂದು ಚೂರು ಇದ್ದಿಲು ಸಾಕು. ಆದರೆ ಎರಡು ಮನೆಗಳ ಮಕ್ಕಳು ಎದುರುಬದುರು ಕೂರುವ ಜಗಲಿಯೇ ಇಲ್ಲವಾದರೆ, ಕುರಿಯ ಬೆನ್ನ ಹಿಂದಿನ ಮನೆ ಖಾಲಿಯಾದಂತೆಯೇ. ಅಷ್ಟು ಸಾಕು ಹುಲಿಗೆ.