ರೈತನಿಂದ ರೈತನಿಗೆ

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಲ್ಲಿ ಫಲವತ್ತಾದ ಭೂಮಿಯ ಬಹುಭಾಗವು ಕಾಫಿ, ಬಾಳೆ ಮೊದಲಾದ ರಫ್ತು ಬೆಳೆಗಳ ದೊಡ್ಡ ತೋಟಗಳಿಗೆ ಸಂದುಹೋಗಿ, ಮಾಯಾ ಜನಾಂಗದ ಬೇಸಾಯಗಾರರ ಪಾಲಿಗೆ ಬೆಟ್ಟದ ಇಳಿಜಾರಿನ ತುಂಡುಹೊಲಗಳು ಮಾತ್ರ ಉಳಿದಿದ್ದುವು. 1952ರ ಭೂಸುಧಾರಣಾ ಶಾಸನವು ಈ ಅನ್ಯಾಯವನ್ನು ನೀಗುವ ಆಶೆಯನ್ನು ಹುಟ್ಟಿಸಿತಾದರೂ, 1954ರಲ್ಲಿ ಸರ್ಕಾರವೇ ಉರುಳಿದಾಗ ಅದೂ ಅಳಿಯಿತು. ಮಳೆ ಬಂದಾಗಲೆಲ್ಲ ಮೇಲ್ಮಣ್ಣು ಕೊಚ್ಚಿಹೋಗುತ್ತಿದ್ದ ಇಂಥ ಹೊಲಗಳಲ್ಲಿಯೇ ಚಿಮಾಲ್ಟೆನಾಂಗೊ ಪ್ರಾಂತದ ಕಾಕ್ಚಿಕೆಲ್ ಎಂಬ ಮಾಯಾ ಪಂಗಡದ ರೈತರು 1970ರ ದಶಕದ ಆದಿಯಲ್ಲಿ ಒಂದು ಮಹತ್ಕಾರ್ಯಕ್ಕೆ ಅಸ್ತಿಭಾರವನ್ನು ಹಾಕಿದರು.

ಅವರ ಉಪಕರಣಗಳು ಅತ್ಯಲ್ಪವಾದುವು. ಮೂರು ಕೋಲುಗಳನ್ನು ಜೋಡಿಸಿ, ನಡುವೆ ದಾರದಿಂದ ಕಲ್ಲನ್ನು ತೂಗಬಿಟ್ಟ ಸಾಧನದಿಂದ ಇಳಿಜಾರಿನ ಸಮಮಟ್ಟವನ್ನು ಗುರುತಿಸಿ, ಆ ಗೆರೆಯುದ್ದಕ್ಕೂ ಕಾಲುವೆ ತೋಡಿ, ಅಂಚಿಗೆ ಹುಲ್ಲು ನೆಟ್ಟು, ಮಣ್ಣಿಗೆ ಗೊಬ್ಬರವನ್ನು ಸೇರಿಸುವುದಷ್ಟೇ ಅವರ ವಿದ್ಯೆ. ಕಲಿತವನು ಮೊದಲು ತನ್ನ ಹೊಲದ ಒಂದು ಮೂಲೆಯಲ್ಲಿ ಪರೀಕ್ಷಿಸಿ, ಇಳುವರಿಯನ್ನು ಕಣ್ಣಾರೆ ಕಂಡ ಬಳಿಕವೇ ನೆರೆಯವನಿಗೆ ಬೋಧಿಸುತ್ತಿದ್ದನು. ಆದುದರಿಂದ ಅವನ ಮಾತಿಗೆ ಅವನ ಹೊಲವೇ ಪ್ರಮಾಣವಾಗಿತ್ತು.

ಆ ದಶಕದ ಅಂತ್ಯದಲ್ಲಿ, ಸಂಘಟಿತರಾದ ರೈತರನ್ನೆಲ್ಲ ದ್ರೋಹಿಗಳೆಂದು ಶಂಕಿಸಿದ ಸೇನೆಯ ದಮನವು ಆರಂಭವಾಗಲು, ಹಲವರು ಹತರಾದರು, ಹಲವರು ದೇಶವನ್ನು ತೊರೆದರು. ಆದರೆ ವಿದ್ಯೆಯು ಅಷ್ಟರಲ್ಲಿ ಗಡಿಯನ್ನು ದಾಟಿತ್ತು. ಮೆಕ್ಸಿಕೋದ ತ್ಲಾಸ್ಕಾಲಾ ಪ್ರಾಂತದ ವಿಸೆಂಟೆ ಗೆರೆರೊ ಎಂಬ ಗ್ರಾಮದ ರೈತರು ಕಾಕ್ಚಿಕೆಲ್ ಜನರಿಂದ ಅದನ್ನು ಕಲಿತು, 1980ರ ದಶಕದ ಉತ್ತರಾರ್ಧದಲ್ಲಿ, ಅಂತರ್ಯುದ್ಧದಿಂದ ಬೆಂದಿದ್ದ ನಿಕರಾಗುವಾಕ್ಕೆ ತೆರಳಿ, ಅಲ್ಲಿನ ರಾಷ್ಟ್ರೀಯ ರೈತಸಂಘದ ಸದಸ್ಯರಿಗೆ ಕಲಿಸಿದರು. ಹೊಂಡುರಾಸಿನ ಉತ್ತರ ಕರಾವಳಿಯಲ್ಲಿ ಮೆಕ್ಕೆಜೋಳದ ಹೊಲಕ್ಕೆ ಸಾರವನ್ನು ನೀಡುತ್ತಿದ್ದ, ನಮ್ಮ ನಸುಗುನ್ನಿಯ ಕುಲಕ್ಕೇ ಸೇರಿದ ಬಳ್ಳಿಯೂ ಹೀಗೆಯೇ ದೇಶದಿಂದ ದೇಶಕ್ಕೆ ಹಬ್ಬಿತು.

1998ರ ಅಕ್ಟೋಬರಿನಲ್ಲಿ ಮಿಚ್ ಚಂಡಮಾರುತವು ಮಧ್ಯ ಅಮೆರಿಕವನ್ನು ಧ್ವಂಸಗೊಳಿಸಿದಾಗ ಈ ವಿದ್ಯೆಯ ಕಠಿಣ ಪರೀಕ್ಷೆಯಾಯಿತು. ನಿಕರಾಗುವಾ, ಹೊಂಡುರಾಸ್, ಗ್ವಾಟೆಮಾಲಾಗಳ ರೈತರು ತಾವೇ ಅಳತೆಗೋಲು ಹಿಡಿದು, ಹೊಸ ಪದ್ಧತಿಯ ಹೊಲಗಳನ್ನು ಪಕ್ಕದ ಸಾಮಾನ್ಯ ಹೊಲಗಳೊಡನೆ ಹೋಲಿಸಿ ನೋಡಿದರು. ಮೊದಲನೆಯವುಗಳಲ್ಲಿ ಮೇಲ್ಮಣ್ಣೂ ತೇವವೂ ಅಧಿಕವಾಗಿ ಉಳಿದಿದ್ದುವು, ಮಣ್ಣಿನ ಸವಕಳಿಯು ಕಡಮೆಯಾಗಿತ್ತು.

ಸೋವಿಯತ್ ಒಕ್ಕೂಟದ ಪತನದಿಂದ ಇಂಧನ ತೈಲವೂ ರಾಸಾಯನಿಕ ಗೊಬ್ಬರವೂ ದುರ್ಲಭವಾಗಿ ಅನ್ನದ ಕೊರತೆಗೆ ಸಿಲುಕಿದ್ದ ಕ್ಯೂಬಾದಲ್ಲಿ, ಸಣ್ಣ ರೈತರ ರಾಷ್ಟ್ರೀಯ ಸಂಘವು 1997ರಲ್ಲಿ ರೈತನೇ ರೈತನಿಗೆ ಕಲಿಸುವ ಈ ಕ್ರಮವನ್ನು ಕೈಗೊಂಡಿತು. ಮುಂದಿನ ಒಂದು ದಶಕದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಕುಟುಂಬಗಳು ಅದನ್ನು ಸೇರಿದುವು. ಆ ಸಂಘವೂ ನಮ್ಮ ಕರ್ನಾಟಕ ರಾಜ್ಯ ರೈತ ಸಂಘವೂ ಲಾ ವಿಯಾ ಕಾಂಪೆಸಿನಾ ಎಂಬ ಜಾಗತಿಕ ರೈತ ಒಕ್ಕೂಟದ ಅಂಗಗಳೆಂಬುದು ಇಲ್ಲಿ ಸ್ಮರಣೀಯ.

ಕಣಜದಲ್ಲಿ ಕೂಡಿಟ್ಟ ಧಾನ್ಯವು ಒಂದು ವರ್ಷದ ಹಸಿವನ್ನು ಕಳೆಯಬಲ್ಲುದು. ಮಣ್ಣನ್ನು ಉಳಿಸುವ ವಿದ್ಯೆಯಾದರೋ ಮಕ್ಕಳ ಕಾಲಕ್ಕೂ ಅನ್ನವನ್ನು ಉಳಿಸುತ್ತದೆ. ಆ ವಿದ್ಯೆಯನ್ನು ಪಡೆದ ಪ್ರತಿಯೊಬ್ಬನೂ ಅದನ್ನು ಇನ್ನೊಬ್ಬನಿಗೆ ಸಲ್ಲಿಸುವ ಋಣವನ್ನು ಹೊತ್ತುಕೊಂಡುದರಿಂದಲೇ, ಹುಟ್ಟಿದ ನೆಲದಲ್ಲಿ ಅದನ್ನು ಹತ್ತಿಕ್ಕಿದರೂ ಅದು ಅಳಿಯಲಿಲ್ಲ.