ಆಶ್ರಯದ ಆಚೆಗೆ

ದೌರ್ಜನ್ಯಕ್ಕೆ ಸಿಲುಕಿ ಪಾರಾದ ಹೆಣ್ಣಿಗೆ ಸಮಾಜ ಮೊದಲು ನೀಡುವುದು ಕನಿಕರವನ್ನು. ತುಸು ಉದಾರವಾದರೆ ಆಶ್ರಯವನ್ನು. ಆದರೆ ಆಶ್ರಯದ ಹೊಸ್ತಿಲು ದಾಟಿದ ದಿನ ಅವಳ ಅನ್ನದ ದಾರಿ ಯಾವುದು? ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ಪ್ರಶ್ನೆಯನ್ನು ಎತ್ತಿ, ಕಾರ್ಯರೂಪದಲ್ಲಿ ಉತ್ತರಿಸಲು ಹೊರಟವರು ಪಂಡಿತಾ ರಮಾಬಾಯಿ.

ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಪತ್ನಿಗೆ ಸಂಸ್ಕೃತ ಕಲಿಸಿ ಸಂಪ್ರದಾಯಸ್ಥರ ಕೋಪಕ್ಕೆ ಗುರಿಯಾದವರು. ಕ್ಷಾಮದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ರಮಾಬಾಯಿಯವರಿಗೆ ಹಸಿವೂ, ಮುಂದೆ ವೈಧವ್ಯವೂ ಪುಸ್ತಕದ ಮಾತುಗಳಾಗಿರಲಿಲ್ಲ.

1889ರ ಮಾರ್ಚ್ 11ರಂದು ಅವರು ಮುಂಬಯಿಯಲ್ಲಿ ‘ಶಾರದಾ ಸದನ’ವನ್ನು ತೆರೆದರು, ಮರುವರ್ಷ ಅದು ಪುಣೆಗೆ ಬಂದಿತು. ಕೇಶಮುಂಡನ, ಉಪವಾಸ, ಬಂಧುಗಳ ಬೈಗುಳ, ಮುಗಿಯದ ದುಡಿಮೆ—ಇವುಗಳ ನಡುವೆ ನವೆದ ಬಾಲವಿಧವೆಯರಿಗೆ ಅಲ್ಲಿ ಅಕ್ಷರ ದೊರೆಯಿತು. ಸ್ವತಃ ಕ್ರೈಸ್ತಧರ್ಮವನ್ನು ಸ್ವೀಕರಿಸಿದ್ದ ರಮಾಬಾಯಿಯವರು ಬಾಲೆಯರನ್ನೂ ಆ ಕಡೆಗೆ ಸೆಳೆಯುತ್ತಿದ್ದಾರೆಂಬ ವಿವಾದ 1893ರಲ್ಲಿ ಎದ್ದು, ಸಲಹಾ ಸಮಿತಿಯಲ್ಲಿದ್ದ ರಾನಡೆ, ಭಂಡಾರ್ಕರರು ಹೊರನಡೆದರು. ಆ ವಿವಾದದ ಧೂಳಿನಲ್ಲಿ ಅವರ ಆರ್ಥಿಕ ದೃಷ್ಟಿ ಬಹುಕಾಲ ಮರೆಯಾಯಿತು.

ಅಮೆರಿಕದ ಹಿತೈಷಿಗಳು ವಾಗ್ದಾನ ಮಾಡಿದ್ದ ನೆರವು ಹತ್ತು ವರ್ಷಗಳಿಗೆ ಮಾತ್ರ. ಅದು ಮುಗಿದ ಮೇಲೆ? ರಮಾಬಾಯಿಯವರು ಪುಣೆಯ ಸಮೀಪದ ಕೇಡಗಾಂವ್‌ನಲ್ಲಿ ಬರಡು ನೆಲ ಕೊಂಡು, ಬಾವಿ ತೋಡಿಸಿ, ಹಣ್ಣಿನ ತೋಟ ಎಬ್ಬಿಸಿದರು. ತೋಟದ ಹುಟ್ಟುವಳಿಯೇ ಸಂಸ್ಥೆಯನ್ನು ಸಾಕಬೇಕೆಂಬುದು ಅವರ ಲೆಕ್ಕಾಚಾರ.

1896-97ರ ಬರಗಾಲದಲ್ಲಿ ಮಧ್ಯಪ್ರಾಂತಕ್ಕೆ ಹೋದ ಅವರು ಕಂಡದ್ದು ಹಸಿವನ್ನಷ್ಟೇ ಅಲ್ಲ. ನಿರಾಶ್ರಿತ ಬಾಲೆಯರನ್ನು ಬಲೆಗೆ ಕೆಡಹುವವರನ್ನೂ ಕಂಡರು. ಅಲ್ಲಿಂದ ಕರೆತಂದ ನೂರಾರು ಹೆಣ್ಣುಮಕ್ಕಳಿಂದ ‘ಮುಕ್ತಿ’ ಬೆಳೆಯಿತು. ಪುರುಷರ ಕಾಮಕ್ಕೆ ಬಲಿಯಾಗಿ ‘ಪತಿತೆ’ ಎಂಬ ಹಣೆಪಟ್ಟಿ ಹೊತ್ತವರಿಗಾಗಿ ‘ಕೃಪಾ ಸದನ’ ಬೇರೆ ಎದ್ದಿತು. ಅಲ್ಲಿ ಕಲಿಸಿದ್ದು ಬರಿಯ ಕಸೂತಿಯಲ್ಲ. ನೇಯ್ಗೆ, ಬೇಸಾಯ, ಹೈನುಗಾರಿಕೆ, ಗಾಣ, ಹೊಲಿಗೆ, ಮುದ್ರಣ—ಪೇಟೆಯಲ್ಲಿ ಬೆಲೆಯುಳ್ಳ ಕಸುಬುಗಳು. ರಮಾಬಾಯಿಯವರ ಮರಾಠಿ ಬೈಬಲ್ ಅನುವಾದಕ್ಕೆ ಅಚ್ಚುಮೊಳೆ ಜೋಡಿಸಿದ ಕೈಗಳು ಅಲ್ಲಿನ ಸ್ತ್ರೀಯರವು. ಗಂಡಸರದೆಂದು ತಿಳಿದಿದ್ದ ಯಂತ್ರದ ಮುಂದೆ, ಊರು ಅಪಶಕುನವೆಂದ ಹೆಂಗಸು ನಿಂತದ್ದು ಸಣ್ಣ ಸಂಗತಿಯಲ್ಲ.

ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಕಸುಬು ಅವಳದಾಯಿತು, ಗಾಣ, ಮಗ್ಗ, ಮುದ್ರಣಯಂತ್ರಗಳು ಸಂಸ್ಥೆಯವಾಗಿಯೇ ಉಳಿದವು. ಗೋಡೆಯ ಹೊರಗೆ ಅವಳಿಗೆ ಸಾಲ ಕೊಡುವವರಾಗಲಿ, ಅವಳ ಸರಕಿಗೆ ಅಂಗಡಿಯ ಮೂಲೆಯನ್ನು ಬಿಡುವವರಾಗಲಿ ವಿರಳ. ದುಡಿಯಬಲ್ಲವಳಾಗುವುದಕ್ಕೂ ಒಡತಿಯಾಗುವುದಕ್ಕೂ ನಡುವಿನ ಅಂತರ ಇದೇ.

ಶಾರದಾ ಸದನದ ಆರಂಭದ ವಿದ್ಯಾರ್ಥಿನಿ ಗೋದೂಬಾಯಿಯವರನ್ನು ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ವರಿಸಿದರು. 1896ರಲ್ಲಿ ವಿಧವೆಯರಿಗಾಗಿ ತಮ್ಮದೇ ಆಶ್ರಮವನ್ನು ಸ್ಥಾಪಿಸಿದರು. ಹೀಗೆ ಒಂದು ಮನೆಯ ದೀಪ ಇನ್ನೊಂದು ಮನೆಗೆ ಹೊತ್ತಿತು. 1922ರಲ್ಲಿ ರಮಾಬಾಯಿಯವರು ತೀರಿಕೊಂಡರು. ಇಂದು ನೊಂದ ಮಹಿಳೆಯರಿಗಾಗಿ ಉದ್ಯಮ ತರಬೇತಿ ನಡೆಸುವವರು ಹೊಲಿಗೆಯಂತ್ರ ಹಂಚಿ, ಛಾಯಾಚಿತ್ರ ತೆಗೆಸಿಕೊಂಡು ಮರಳುವ ಮುನ್ನ ಕೇಡಗಾಂವ್‌ನ ಪಾಠವನ್ನು ನೆನೆಯುವುದು ಒಳಿತು: ಕೈಗೆ ಕಸುಬು ಬಂದರೆ ಅರ್ಧ ದಾರಿ ಸಾಗಿದಂತೆ; ಬಂಡವಾಳವೂ ಲೆಕ್ಕದ ಪುಸ್ತಕವೂ ಅವಳ ಕೈಗೆ ಬಂದಾಗಲೇ ಉಳಿದರ್ಧ.