ಆರ್‌ಟಿಐ ಹಾಕಿದರೆ ಎಲ್ಲ ಮಾಹಿತಿಯೂ ಸಿಗುತ್ತದೆಯೇ?

"ಒಂದು ಆರ್‌ಟಿಐ ಹಾಕಿ, ಎಲ್ಲ ಹೊರಗೆ ಬರುತ್ತೆ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. "ಹಾಕಿ ಏನೂ ಪ್ರಯೋಜನವಿಲ್ಲ, ಅವರು ಕೊಡುವುದೇ ಇಲ್ಲ" ಎಂಬ ಮಾತನ್ನೂ ಅಷ್ಟೇ ಸಲ ಕೇಳಿದ್ದೇವೆ. ಎರಡೂ ಪೂರ್ತಿ ನಿಜವಲ್ಲ. ಮಾಹಿತಿ ಹಕ್ಕು ಕಾನೂನು ಏನನ್ನು ಕೊಡಿಸುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಿದ್ದರೆ ಅರ್ಜಿ ವ್ಯರ್ಥವಾಗುವ ಸಾಧ್ಯತೆ ಬಹಳ ಕಡಿಮೆ.

ಈ ಕಾನೂನು ಹುಟ್ಟಿದ್ದು ಹೇಗೆ?

1990ರ ದಶಕದಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಎಂಬ ಸಂಸ್ಥೆ ಸರ್ಕಾರಿ ಕಾಮಗಾರಿಗಳ ಲೆಕ್ಕ ಕೇಳತೊಡಗಿತು. 1994ರಿಂದ ನಡೆದ ಜನಸುನವಾಯಿ ಸಭೆಗಳಲ್ಲಿ ಕೂಲಿಯವರ ಹಾಜರಾತಿ ಪಟ್ಟಿಯನ್ನು ಊರವರ ಮುಂದೆಯೇ ಓದಲಾಯಿತು. ಕೆಲಸಕ್ಕೆ ಬಾರದವರ ಹೆಸರಿನಲ್ಲೂ ಕೂಲಿ ಬರೆದದ್ದು ಹೀಗೆ ಬಯಲಾಯಿತು. ಅಲ್ಲಿಂದ ಬೆಳೆದ ಬೇಡಿಕೆ 2005ರ ಮಾಹಿತಿ ಹಕ್ಕು ಅಧಿನಿಯಮವಾಗಿ, ಅದೇ ವರ್ಷ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂತು. ಅದಕ್ಕೂ ಮೊದಲೇ ಕರ್ನಾಟಕ 2000ದಲ್ಲಿ ತನ್ನದೇ ಮಾಹಿತಿ ಹಕ್ಕು ಕಾನೂನು ಮಾಡಿಕೊಂಡಿತ್ತು.

"ಯಾವ ಪ್ರಶ್ನೆ ಕೇಳಿದರೂ ಉತ್ತರ ಕೊಡಬೇಕು" – ತಪ್ಪು

ಅರ್ಜಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಈ ಕಾನೂನು ಕೊಡಿಸುವುದು ದಾಖಲೆಯನ್ನು, ವಿವರಣೆಯನ್ನಲ್ಲ. ಕಚೇರಿಯ ಬಳಿ ಈಗಾಗಲೇ ಇರುವ ಕಡತ, ಆದೇಶ, ಪತ್ರ, ಬಿಲ್, ವರದಿ, ಕಂಪ್ಯೂಟರಿನಲ್ಲಿರುವ ದತ್ತಾಂಶ ಇವೆಲ್ಲ 'ಮಾಹಿತಿ'. ನಕಲು ಪಡೆಯಬಹುದು, ಕಡತವನ್ನು ಕಣ್ಣಾರೆ ನೋಡಬಹುದು, ಕಾಮಗಾರಿಗೆ ಬಳಸಿದ ಸಾಮಗ್ರಿಯ ಮಾದರಿಯನ್ನೂ ಕೇಳಬಹುದು. ಆದರೆ ಇಲ್ಲದ ದಾಖಲೆಯನ್ನು ಹೊಸದಾಗಿ ತಯಾರಿಸಿ ಕೊಡುವ, ಅಭಿಪ್ರಾಯ ಹೇಳುವ ಹೊಣೆ ಅಧಿಕಾರಿಗಿಲ್ಲ. ಸಿಬಿಎಸ್‌ಇ ಉತ್ತರ ಪತ್ರಿಕೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಅದೇ ತೀರ್ಪು ವಿದ್ಯಾರ್ಥಿಗೆ ತನ್ನ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕನ್ನೂ ಕೊಟ್ಟಿತು.

ಹಾಗಾಗಿ "ನಮ್ಮ ಬೀದಿಯ ರಸ್ತೆ ಯಾಕೆ ಇಷ್ಟು ಹಾಳಾಗಿದೆ?" ಎಂದು ಕೇಳಿದರೆ "ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಉತ್ತರ ಬರಬಹುದು. ಅದರ ಬದಲು "ಈ ರಸ್ತೆಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ ಮತ್ತು ಪಾವತಿಸಿದ ಬಿಲ್ಲುಗಳ ದೃಢೀಕೃತ ನಕಲು ಕೊಡಿ" ಎಂದು ಕೇಳಿ. 'ಯಾಕೆ' ಎಂಬುದಕ್ಕೆ ಉತ್ತರ ಆ ಕಾಗದಗಳಲ್ಲೇ ಸಿಗುತ್ತದೆ.

"ಖಾಸಗಿ ಸಂಸ್ಥೆಗೆ ಈ ಕಾನೂನು ತಾಗುವುದೇ ಇಲ್ಲ" – ಅರ್ಧ ನಿಜ

ಖಾಸಗಿ ಆಸ್ಪತ್ರೆಗೋ ಕಂಪನಿಗೋ ನೇರವಾಗಿ ಆರ್‌ಟಿಐ ಅರ್ಜಿ ಹಾಕಲು ಬರುವುದಿಲ್ಲ. ಆದರೆ ಸರ್ಕಾರದ ಹಣದಿಂದ ಗಣನೀಯವಾಗಿ ನಡೆಯುವ ಸಂಸ್ಥೆಗಳು ಕಾನೂನಿನ ಒಳಗೆ ಬರುತ್ತವೆ. ಇನ್ನೊಂದು ದಾರಿಯೂ ಇದೆ. ಬೇರೆ ಯಾವುದಾದರೂ ಕಾನೂನಿನಡಿ ಸರ್ಕಾರಿ ಇಲಾಖೆ ಆ ಸಂಸ್ಥೆಯಿಂದ ಪಡೆಯಬಹುದಾದ ಮಾಹಿತಿಯನ್ನು ಇಲಾಖೆಯ ಮೂಲಕ ಕೇಳಬಹುದು. ಸಹಕಾರ ಸಂಘಗಳನ್ನೇ ನೋಡಿ. ಸರ್ಕಾರದ ಗಣನೀಯ ಹಣವಿಲ್ಲದ ಸಹಕಾರ ಸಂಘ ಸಾರ್ವಜನಿಕ ಪ್ರಾಧಿಕಾರವಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಆದರೆ ಸಹಕಾರ ಸಂಘಗಳ ನಿಬಂಧಕರು ಸಾರ್ವಜನಿಕ ಪ್ರಾಧಿಕಾರವೇ. ಅವರು ಕಾನೂನಿನಂತೆ ಸಂಘದಿಂದ ತರಿಸಿಕೊಳ್ಳಬಹುದಾದ ದಾಖಲೆಯನ್ನು ಅವರಲ್ಲೇ ಕೇಳಬಹುದು.

ನಿಮ್ಮದೇ ಚಿಕಿತ್ಸೆಯ ದಾಖಲೆ ಬೇಕಿದ್ದರೆ ಆರ್‌ಟಿಐ ಬೇಕಾಗಿಯೇ ಇಲ್ಲ. ರೋಗಿ ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆ ಕೊಡಬೇಕು ಎಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳೇ ಹೇಳುತ್ತವೆ.

"ಯಾಕೆ ಬೇಕು ಎಂದು ಹೇಳಬೇಕು" – ತಪ್ಪು

ಭಾರತದ ಯಾವ ಪ್ರಜೆಯೂ ಮಾಹಿತಿ ಕೇಳಬಹುದು. ಕಾರಣ ಕೊಡಬೇಕಿಲ್ಲ. ಸಂಪರ್ಕಕ್ಕೆ ಬೇಕಾದಷ್ಟು ವಿವರ ಸಾಕು. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಅರ್ಜಿ ತಪ್ಪು ಕಚೇರಿಗೆ ಹೋದರೆ ಅದನ್ನು 5 ದಿನದೊಳಗೆ ಸರಿಯಾದ ಕಚೇರಿಗೆ ಕಳಿಸುವುದು ಅವರದೇ ಕೆಲಸ.

ಏನನ್ನು ಕೊಡದೆ ಇರಬಹುದು?

ಕಾನೂನಿನ 8ನೇ ಕಲಂ ಇದರ ಪಟ್ಟಿ ಕೊಡುತ್ತದೆ. ದೇಶದ ಭದ್ರತೆಗೆ ಧಕ್ಕೆ ತರುವುದು, ಕೋರ್ಟ್ ಬಹಿರಂಗಪಡಿಸಬಾರದು ಎಂದದ್ದು, ವ್ಯಾಪಾರ ರಹಸ್ಯ, ಮಾಹಿತಿ ಕೊಟ್ಟವರ ಜೀವಕ್ಕೆ ಅಪಾಯ ತರುವುದು, ತನಿಖೆಗೆ ಅಡ್ಡಿಯಾಗುವುದು, ಸಚಿವ ಸಂಪುಟದ ಕಡತ ಮುಂತಾದವು ಇದರಲ್ಲಿವೆ. ಗುಪ್ತಚರ ಇಲಾಖೆ, ರಾ ಮುಂತಾದ ಸಂಸ್ಥೆಗಳಿಗೆ 24ನೇ ಕಲಂ ವಿನಾಯಿತಿ ಕೊಟ್ಟಿದೆ. ಆದರೆ ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಗೆ ಈ ವಿನಾಯಿತಿ ಇಲ್ಲ.

ಈ ವಿನಾಯಿತಿಗಳಿಗೂ ಮಿತಿ ಇದೆ. "ತನಿಖೆ ನಡೆಯುತ್ತಿದೆ" ಎಂದಷ್ಟೇ ಹೇಳಿ ನಿರಾಕರಿಸಲಾಗದು, ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲಿ ಹೇಳಿದೆ. ಕಡತದ ಒಂದು ಭಾಗ ಮಾತ್ರ ಗೋಪ್ಯವಾಗಿದ್ದರೆ ಉಳಿದದ್ದನ್ನು ಕೊಡಬೇಕು. ಗೋಪ್ಯತೆಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಗೋಪ್ಯ ಮಾಹಿತಿಯನ್ನೂ ಕೊಡಬಹುದು.

ಈಗ ಬಿಗಿಯಾಗಿರುವುದು ಎಲ್ಲಿ?

'ವೈಯಕ್ತಿಕ ಮಾಹಿತಿ'ಯ ವಿಷಯದಲ್ಲಿ. ಮೊದಲು ಸಾರ್ವಜನಿಕ ಕೆಲಸಕ್ಕೆ ಸಂಬಂಧವೇ ಇಲ್ಲದ, ಅಥವಾ ಒಬ್ಬರ ಖಾಸಗಿತನಕ್ಕೆ ಅನಗತ್ಯವಾಗಿ ಕೈಹಾಕುವ ಮಾಹಿತಿಯನ್ನು ಮಾತ್ರ ಈ ಕಾರಣಕ್ಕೆ ತಡೆಯಬಹುದಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾನೂನು ಆ ಷರತ್ತುಗಳನ್ನು ತೆಗೆದುಹಾಕಿತು. ಈ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಈಗ ಮಾಹಿತಿ ವೈಯಕ್ತಿಕ ಎನಿಸಿಕೊಂಡರೆ ಸಾಕು, ನಿರಾಕರಿಸಲು ಕಾರಣ ಸಿಕ್ಕಂತೆ.

ರಾಜಸ್ಥಾನದ ಹಾಜರಾತಿ ಪಟ್ಟಿಗಳನ್ನು ನೆನೆಯಿರಿ. ಅದರಲ್ಲಿದ್ದದ್ದೂ ವ್ಯಕ್ತಿಗಳ ಹೆಸರುಗಳೇ. ಹೆಸರು ಮುಚ್ಚಿ ಕೊಟ್ಟ ಪಟ್ಟಿಯಿಂದ ಸುಳ್ಳು ಹೆಸರನ್ನು ಹಿಡಿಯುವುದು ಹೇಗೆ? ಇನ್ನೊಂದು ಕಡೆ, ಒಬ್ಬರ ಕಾಯಿಲೆಯ ವಿವರವೋ ಬ್ಯಾಂಕ್ ಖಾತೆಯೋ ಕೇಳಿದವರಿಗೆಲ್ಲ ಸಿಗಬಾರದು ಎಂಬುದೂ ನ್ಯಾಯವೇ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಇವೆರಡನ್ನೂ ತೂಗುವ ಕೆಲಸ ಈಗ ಸಾರ್ವಜನಿಕ ಹಿತದ ಕಲಂ 8(2)ರ ಮೇಲೆ ಬಿದ್ದಿದೆ. ಆದ್ದರಿಂದ ಕಾರಣ ಕೊಡುವುದು ಕಡ್ಡಾಯವಲ್ಲದಿದ್ದರೂ, ಇನ್ನೊಬ್ಬರ ಹೆಸರಿರುವ ದಾಖಲೆ ಕೇಳುವಾಗ ಅದರಲ್ಲಿರುವ ಸಾರ್ವಜನಿಕ ಹಿತವನ್ನು ಎರಡು ಸಾಲಿನಲ್ಲಿ ಬರೆಯುವುದು ಒಳ್ಳೆಯದು. ಸಬ್ಸಿಡಿ ಯೋಜನೆಗಳ ಫಲಾನುಭವಿಗಳ ವಿವರವನ್ನು ಇಲಾಖೆ ತಾನಾಗಿಯೇ ಪ್ರಕಟಿಸಬೇಕೆಂಬ 4ನೇ ಕಲಂ ಈಗಲೂ ಇದೆ, ಅದನ್ನೂ ಉಲ್ಲೇಖಿಸಿ.

ಉತ್ತರವೇ ಬರದಿದ್ದರೆ?

ಸಾಮಾನ್ಯ ಗಡುವು 30 ದಿನ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಗಡುವು ಮೀರಿದರೆ ಅದು ನಿರಾಕರಣೆಗೆ ಸಮ, ಆಮೇಲೆ ಕೊಡುವ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ಅಲ್ಲಿಂದ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಪ್ರಥಮ ಮೇಲ್ಮನವಿ, ನಂತರ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಬಹುದು. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ಎರಡನೇ ಮೇಲ್ಮನವಿಯನ್ನು ಆಯೋಗ ಇಂತಿಷ್ಟು ದಿನದಲ್ಲಿ ಮುಗಿಸಬೇಕೆಂದು ಕಾನೂನು ಹೇಳಿಲ್ಲ. "ಅವರು ಕೊಡುವುದೇ ಇಲ್ಲ" ಎಂಬ ಬೇಸರಕ್ಕೆ ಇದೂ ಒಂದು ಕಾರಣ.

ಕೊನೆಯದಾಗಿ, ಆರ್‌ಟಿಐ ರಸ್ತೆ ರಿಪೇರಿ ಮಾಡುವುದಿಲ್ಲ, ನಿಂತ ಪಿಂಚಣಿಯನ್ನು ಖಾತೆಗೆ ಹಾಕುವುದಿಲ್ಲ. ಕಡತ ಯಾವ ಮೇಜಿನ ಮೇಲೆ, ಎಷ್ಟು ದಿನದಿಂದ ನಿಂತಿದೆ ಎಂದು ತೋರಿಸುತ್ತದೆ. ಆ ಕಾಗದ ಕೈಯಲ್ಲಿದ್ದರೆ ದೂರು, ಗ್ರಾಮಸಭೆ, ಕೋರ್ಟ್ ಎಲ್ಲೇ ಹೋದರೂ ನಿಮ್ಮ ಮಾತಿಗೆ ತೂಕ ಬರುತ್ತದೆ.